ಹೆಬ್ಬೆಟ್ಟು

ವಾರ್ಡು ಹೆಂಗಸರಿಗೆ ಮೀಸಲಾದ ವರ್ಷ
ಘರತ್ ಸಾಹೇಬರು ಹೆಂಡತಿಯ ಹೆಸರು ಬರೆಸಿದರು.
ವಿಕ್ರೋಲಿಯ ಗುಡ್ಡದ ತುಂಬ ಬ್ಯಾನರು:
ಕೈಮುಗಿದ ಕುಂದಾತಾಯಿ, ಬೆನ್ನ ಹಿಂದೆ ಸಾಹೇಬರು,
ತಾಯಿಗಿಂತ ಎರಡು ಗೇಣು ದೊಡ್ಡ ಮುಖ.
ಗೆದ್ದದ್ದು ಹಿಂದಿನ ಮುಖವೇ ಎಂದುಕೊಂಡೆವು.

ನಾನು ಆಫೀಸಿನ ಹೊರಗೆ ಕರಿಹಲಗೆ ಬರೆಯುವವಳು.
ನೀರು ಎಷ್ಟು ಗಂಟೆಗೆ, ಯಾರ ಹತ್ತನೇ ದಿನ,
ಪೋಲಿಯೋ ಹನಿ ಯಾವ ಗಲ್ಲಿಯಲ್ಲಿ.
ಊರು ಜತ್ತ. ಮನೆಯಲ್ಲಿ ಕನ್ನಡ, ಹಲಗೆಯ ಮೇಲೆ ಮರಾಠಿ,
ಧೂಳು ಮಾತ್ರ ಒಂದೇ ಸುಣ್ಣದ್ದು.

ಸಾಹೇಬರು ಬೆರಳಿಟ್ಟಲ್ಲಿ ತಾಯಿ ಸಹಿ ಹಾಕುತ್ತಿದ್ದರು.
ಹತ್ತನೇ ಇಯತ್ತೆ ಪಾಸಾದವರು.
ಆದರೂ ಚಹಾ ತರುವ ಪೋರ ಕೂಡ
ಬೆನ್ನ ಹಿಂದೆ ಅಂಗಠಾಛಾಪ್ ಎನ್ನುತ್ತಿದ್ದ,
ನಮ್ಮಲ್ಲಿ ಹೆಬ್ಬೆಟ್ಟು.

ಆಮೇಲೆ ಪಕ್ಷದಿಂದ ಹುಕುಂ ಬಂತು:
ಒಬ್ಬೊಬ್ಬ ನಗರಸೇವಕರಿಗೆ ಒಂದು ನಂಬರು, ಒಂದು ಗುಂಪು,
ದಿನಕ್ಕೆ ಮೂರು ಫೋಟೊ.
ಫೋನು ಕೊಂಡವರು ಸಾಹೇಬರೇ.
ಅಂಗಡಿಯ ಹುಡುಗ, ಯಾರ ಹೆಸರಿಗೆ ಎಂದು ಕೇಳಿ,
ತಾಯಿಯ ಹೆಬ್ಬೆರಳನ್ನು ಗಾಜಿಗೆ ಒತ್ತಿಸಿದ.
ಅಷ್ಟೇ ಆದದ್ದು.

ಮೊದಲ ತಿಂಗಳೆಲ್ಲ ಗುಲಾಬಿ.
ಬೆಳಗ್ಗೆ ಗುಲಾಬಿ, ರಾತ್ರಿ ಚಂದ್ರ,
ಸಾವಿನ ಮನೆಗೂ ಕೈತಪ್ಪಿ ಒಂದು ಗುಲಾಬಿ.
ಸಭೆಯಲ್ಲಿ ತಡವರಿಸಿದ್ದನ್ನು ಯಾರೋ ಕತ್ತರಿಸಿ
ಡೋಲು ಸೇರಿಸಿ ಹನ್ನೊಂದು ಸೆಕೆಂಡು ಮಾಡಿ ಹರಿಬಿಟ್ಟರು.
ತಾಯಿ ಅದನ್ನು ಎಷ್ಟು ಸಲ ನೋಡಿದರೋ,
ಮರುದಿನ ನನ್ನನ್ನು ಕೇಳಿದ್ದು ಇಷ್ಟೇ:
"ನನ್ನ ಸೆರಗು ಯಾವಾಗಲೂ ಹಾಗೇ ಜಾರಿರುತ್ತದಾ?"

ಗುಂಪಿನಲ್ಲಿ ಗಂಡಸರು ರಸ್ತೆ ಕೇಳಿದರು, ದೀಪ ಕೇಳಿದರು,
ಒಬ್ಬರನ್ನೊಬ್ಬರು ಬೈದುಕೊಂಡರು.
ಹೆಂಗಸರು ಅಲ್ಲಿ ಉಸಿರೆತ್ತಲಿಲ್ಲ.
ರಾತ್ರಿ ಹನ್ನೊಂದರ ಮೇಲೆ, ತಾಯಿಯೊಬ್ಬರಿಗೇ,
ದನಿ ಕಳಿಸತೊಡಗಿದರು.
ಬರೆಯಲು ಬಾರದವರು; ಬಂದರೂ
ಸಾಹೇಬರ ಎದುರು ಬೆಂಚಿನ ಮೇಲೆ ಕೂತು
ಹೇಳಲಾಗದವರು.

ಗುಡ್ಡದ ತುದಿಯವರು ಕಲಬುರಗಿ ಕಡೆಯವರು.
ತಾಯಿ ನನ್ನನ್ನು ಕರೆಸಿಕೊಂಡರು.
ಬಿಳಿ ತಂತಿಯ ಒಂದು ತುದಿ ಅವರ ಕಿವಿಗೆ, ಒಂದು ನನ್ನದಕ್ಕೆ,
ನಡುವೆ ಚಂದಮ್ಮ:

"ಯವ್ವಾ, ಸಂಡಾಸಿನ ನಾಕ್ನೇ ಬಾಗ್ಲಿಗಿ ಚಿಲಕಿಲ್ರಿ.
ಮಗಳು ಹ್ವಾದ್ರ ನಾ ಹೊರಗ ನಿಂತು ಬಾಗ್ಲಾ ಹಿಡೀತೀನಿ.
ನಾ ಹ್ವಾದ್ರ ಹಿಡಿಯವ್ರು ಯಾರ್ರಿ?"

ಚಿಲಕಕ್ಕೆ ಮರಾಠಿ ತಟ್ಟನೆ ಹೊಳೆಯಲಿಲ್ಲ.
ತಂತಿ ಕಿತ್ತು ಎದ್ದು ಹೋಗಿ
ಅವರ ಅಡುಗೆಮನೆಯ ಬಾಗಿಲದ್ದನ್ನೇ ಎಳೆದು ತೋರಿಸಿದೆ.

ಮೂರನೇ ದಿನ ಸಾಹೇಬರು ಫೋನು ಕೇಳಿದರು.
ತಾಯಿ ಕೊಟ್ಟರು.
ಅವರ ಬೆರಳಿಗೆ ಗಾಜು ಝುಂ ಎಂದು ನಡುಗಿತು, ತೆರೆಯಲಿಲ್ಲ.
ಮತ್ತೊಮ್ಮೆ. ಮಗದೊಮ್ಮೆ.
ತೆಗಿ, ಎಂದರು.
ತಾಯಿ ಚಹಾ ಸೋಸುತ್ತಿದ್ದರು. ಕೈ ಒದ್ದೆ ಇದೆ, ಎಂದರು.
ಆ ಕೈ ಬಹಳ ಹೊತ್ತು ಒದ್ದೆಯೇ ಇತ್ತು.

ಚಿಲಕ ಬಂತು.
ಫೋಟೊದಲ್ಲಿ ಸ್ಕ್ರೂಡ್ರೈವರ್ ಹಿಡಿದವರು ಸಾಹೇಬರು,
ಪಕ್ಕದಲ್ಲಿ ತಾಯಿ, ಸೆರಗಿಗೆ ಎರಡೆರಡು ಪಿನ್ನು.
ಮುನ್ನೂರು ಚಿಲ್ಲರೆ ಜನ ಮೆಚ್ಚಿದರು.
ಬಡಗಿ ಚೌಕಟ್ಟಿನಾಚೆ
ಸ್ಕ್ರೂ ತುಟಿಯಲ್ಲಿ ಕಚ್ಚಿಕೊಂಡು ನಿಂತಿದ್ದ.

ಆ ರಾತ್ರಿ ಚಂದಮ್ಮನಿಂದ ನಾಲ್ಕು ಸೆಕೆಂಡಿನ ದನಿ.
ಮಾತಿಲ್ಲ. ತಗಡಿನ ಮೇಲೆ ಕಬ್ಬಿಣ ಸರಿದು
ಟಕ್.
ತಾಯಿ ಮತ್ತೆ ಹಚ್ಚಿದರು, ಮತ್ತೆ.
"ಇದು ನಾಲ್ಕನೆಯದಾ, ಆರನೆಯದಾ?"
ಆರನೆಯದಕ್ಕೂ ಇಲ್ಲವೆಂದು ಇನ್ನೊಬ್ಬಳು ಹೇಳಿದ್ದಳು.
ನನಗೆ ತಿಳಿಯಲಿಲ್ಲ.
ಹಳದಿ ಹೆಬ್ಬೆಟ್ಟೊಂದನ್ನು ಒತ್ತಿ ಕಳಿಸಿ
ಮುಂದಿನದಕ್ಕೆ ಹೋದರು.
ಇನ್ನೂ ಅರವತ್ತೆರಡು ಇದ್ದವು.